ಅಳಿಯಂದಿರ ಸೈಕಲ್ಲಿಗೆ ಹುಣಸೆಬೀಜದ ಗಂಜಿ

ಮೊದಲೇ ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ಯಂತ್ರಗಳ ವಿಷಯದಲ್ಲಿ ನಾನು ದಡ್ಡನಲ್ಲ. ಚಳ್ಳಕೆರೆಯಲ್ಲಿ ಮೂವತ್ತು ವರ್ಷದಿಂದ ಕಂಬಳಿ ನೇಯುತ್ತಿದ್ದೇನೆ. ಮಗ್ಗ ಅಂದರೆ ಸುಮ್ಮನೆ ಅಲ್ಲ. ಅದರಲ್ಲಿ ಮೆಟ್ಟುವುದಿದೆ, ಎಳೆಯುವುದಿದೆ, ಬಿಗಿ ಇದೆ, ಸಡಿಲ ಇದೆ. ನಮ್ಮ ಮನೆ ಬಾಗಿಲು ಕಿರ್ರೆಂದಾಗ ಶೇಂಗಾ ಎಣ್ಣೆ ಬಿಟ್ಟು ಸುಮ್ಮನಾಗಿಸಿದವನು ನಾನೇ. ಹೆಂಡತಿಯ ಹೊಲಿಗೆ ಮಿಷನ್ನು ಬಿಗಿಯಾದಾಗ ಶೇಂಗಾ ಎಣ್ಣೆ ಬಿಟ್ಟವನೂ ನಾನೇ. ಆಮೇಲೆ ಅದೂ ಸುಮ್ಮನಾಯಿತು, ಶಾಶ್ವತವಾಗಿ. ಆದರೂ ನನ್ನ ತಿಳಿವಳಿಕೆ ಇಷ್ಟೇ ಮತ್ತು ಇದು ಸಾಕು ಎಂದು ನಂಬಿದ್ದೆ: ಬಿಗಿಯಾದದ್ದಕ್ಕೆ ಶೇಂಗಾ ಎಣ್ಣೆ, ಸಡಿಲವಾದದ್ದಕ್ಕೆ ಹುಣಸೆಬೀಜದ ಗಂಜಿ. ಪ್ರಪಂಚದಲ್ಲಿ ಕೆಡುವುದು ಈ ಎರಡೇ ರೀತಿಯಲ್ಲಿ.

ಗಂಜಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಕಂಬಳಿ ನೇಯುವ ಮುಂಚೆ ಉಣ್ಣೆಯ ನೂಲನ್ನು ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜ ಬೇಯಿಸಿ ಅರೆದ ಗಂಜಿಯನ್ನು ಅದಕ್ಕೆ ಬಳಿಯುತ್ತೇವೆ. ಒಣಗಿದ ಮೇಲೆ ಜೋಲುತ್ತಿದ್ದ ನೂಲು ತಂತಿಯ ಹಾಗೆ ನಿಲ್ಲುತ್ತದೆ. ಅಂಥ ಗಂಜಿ ಕಾಯಿಸುವುದರಲ್ಲಿ ನಮ್ಮ ಕೇರಿಯಲ್ಲಿ ನನ್ನ ಸಮ ಇನ್ನೊಬ್ಬನಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಅಷ್ಟು ಜೋರಾಗಿ ಹೇಳುವುದಿಲ್ಲ.

ಇನ್ನು ನಮ್ಮ ಅಳಿಯಂದಿರ ವಿಷಯ. ಹೆಸರು ಓಬಳೇಶ್. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಲ್ಲಿ ಪಿ.ಟಿ. ಮೇಷ್ಟ್ರು. ಬಂಗಾರದಂಥ ಮನುಷ್ಯ, ಆದರೆ ಮಾತಿಲ್ಲ. ಮೈದಾನದಲ್ಲಿ ಅವರ ಪರವಾಗಿ ಸೀಟಿ ಮಾತಾಡುತ್ತದೆ, ಮನೆಯಲ್ಲಿ ತಲೆ ಮಾತಾಡುತ್ತದೆ. ಮೇಲೆ ಕೆಳಗೆ ಆಡಿದರೆ ಅನ್ನ ಹಾಕಬೇಕು, ಪಕ್ಕಕ್ಕೆ ಆಡಿದರೆ ಸಾಕು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಅವರು ನನ್ನನ್ನು ಒಂದು ಸಲವೂ 'ಮಾವ' ಎಂದು ಕರೆದಿರಲಿಲ್ಲ. ನನ್ನ ಹೆಂಡತಿ ಮಾರಕ್ಕನನ್ನು ಎರಡು ಸಲ 'ಅತ್ತೆ' ಅಂದಿದ್ದರು, ಒಮ್ಮೆ ಉಪ್ಪಿಗೆ, ಒಮ್ಮೆ ಉಪ್ಪಿನಕಾಯಿಗೆ. ನಾನು ನೀರಿನ ಕೊಡದ ಪಕ್ಕದಲ್ಲೇ ನಿಂತಿದ್ದರೂ ಒಳಗಿದ್ದ ನನ್ನ ಮಗಳಿಗೆ ಹೇಳುತ್ತಿದ್ದರು: "ಮಂಜುಳಾ, ನೀರು ಬೇಕಿತ್ತು."

ಇದನ್ನು ಸಹಿಸಬಹುದಿತ್ತು, ಎದುರುಮನೆಯಲ್ಲಿ ತಿಪ್ಪೇಸ್ವಾಮಿ ಇಲ್ಲದಿದ್ದರೆ. ಅವನದು ಸೈಕಲ್ ಶಾಪು. ಅವನ ಅಳಿಯ ಬಸ್ಸಿಳಿದು ಕೇರಿಯ ತಿರುವಿನಲ್ಲಿ ಕಾಣಿಸುವ ಮೊದಲೇ "ಮಾವಾ" ಎಂದು ಕೂಗುತ್ತಾ ಬರುತ್ತಿದ್ದ. ತಿಪ್ಪೇಸ್ವಾಮಿ "ಬಂದೆ ಬಂದೆ" ಅನ್ನುತ್ತಾ ನನ್ನ ಕಡೆ ಒಂದು ಸಲ ನೋಡಿಯೇ ಎದ್ದು ಹೋಗುತ್ತಿದ್ದ.

"ಲೇ ಕೆಂಚಪ್ಪ, ನಿನ್ ಅಳಿಯ ಇನ್ನೂ ಬಾಯಿ ಬಿಟ್ಟಿಲ್ವೇನ್ಲೇ?" ಎಂದು ವಾರಕ್ಕೊಮ್ಮೆ ವಿಚಾರಿಸುತ್ತಿದ್ದ.

"ಕರೀದಿದ್ರೆ ಏನಾತ್ರಿ? ಕರೀಲಿ ಬಿಡ್ಲಿ, ನೀವು ಮಾವನೇ ಅಲ್ವಾ?" ಎಂದು ಮಾರಕ್ಕ ಸಮಾಧಾನ ಹೇಳುತ್ತಿದ್ದಳು. ಎರಡು ಸಲ ಕರೆಸಿಕೊಂಡವಳಿಗೆ ಹಾಗೆ ಹೇಳುವುದು ಸುಲಭ.

ಹೀಗಿರುವಾಗ ಒಂದು ದಿನ ಅಳಿಯಂದಿರು ದೇವಸಮುದ್ರದಿಂದ ಚಳ್ಳಕೆರೆಗೆ ಸೈಕಲ್ಲಿನಲ್ಲೇ ಬಂದರು. ಬಸ್ಸಿನಲ್ಲಿ ಕೂತು ಬಂದರೇ ನಮಗೆ ಸೊಂಟ ಹಿಡಿಯುವ ದಾರಿ. ಬಂದವರ ಮುಖದಲ್ಲಿ ದಣಿವೇ ಇಲ್ಲ. ಕಾರಣ ಆ ಸೈಕಲ್ಲು. ಬಳ್ಳಾರಿ ಕಡೆ ಕಾರ್ಖಾನೆ ಕಟ್ಟಲು ಬಂದಿದ್ದ ಯಾರೋ ಹೊರದೇಶದ ಎಂಜಿನಿಯರು ವಾಪಸ್ ಹೋಗುವಾಗ ಮಾರಿದ್ದಂತೆ. ಬೆಟ್ಟ ಹತ್ತಿ ಇಳಿಯಲಿಕ್ಕೇ ಮಾಡಿದ ಸೈಕಲ್ಲು. ಟೈರುಗಳು ಟ್ರ್ಯಾಕ್ಟರಿನ ಮಕ್ಕಳು. ಗೇರು ಇಪ್ಪತ್ತೊಂದು; ಶೇಂಗಾ ಚೀಲ ತುಂಬಿದ ಲಾರಿಗೇ ನಮ್ಮೂರಲ್ಲಿ ಐದು ಸಾಕಾಗುತ್ತದೆ. ಇವೆಲ್ಲ ಇರಲಿ, ಮುಂದಿನ ಗಾಲಿಯ ಎರಡೂ ಕಡೆ ಒಂದೊಂದು ದಪ್ಪ ಕಾಲು. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ. ಹ್ಯಾಂಡಲ್ ಒತ್ತಿದರೆ ಇಡೀ ಸೈಕಲ್ಲು ಮಂಡಿ ಬಗ್ಗಿಸಿ ತಗ್ಗುತ್ತದೆ, ಬಿಟ್ಟರೆ ತಾನೇ ಏಳುತ್ತದೆ. ಗುಂಡಿ ಬಂದರೆ ಆ ಏಟನ್ನು ತಾನೇ ನುಂಗಿ, ಮೇಲೆ ಕೂತವನಿಗೆ ತಿಳಿಸುವುದೇ ಇಲ್ಲ. ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ.

ಅದಕ್ಕಿಂತ ಬೆರಗು ಅಳಿಯಂದಿರ ಕೈ. ಬಂದವರು ಕಾಲು ತೊಳೆಯುವ ಮೊದಲು ಸೈಕಲ್ಲು ತೊಳೆದರು. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಚೈನಿನ ಒಂದೊಂದೇ ಕೊಂಡಿ ಉಜ್ಜಿದರು. ಗಾಲಿ ಎತ್ತಿ ತಿರುಗಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿದರು. ಬ್ರೇಕಿನ ರಬ್ಬರ್ ರಿಮ್ಮಿಗೆ ಎರಡೂ ಕಡೆ ಒಂದೇ ಸಮ ದೂರ ಇದೆಯೇ ಎಂದು ಪೋಸ್ಟ್ ಕಾರ್ಡು ತೂರಿಸಿ ನೋಡಿದರು. ಆಮೇಲೆ ಮುಂದಿನ ಕಾಲಿಗೆ ಒಂದೆಳೆ ನೂಲು ಸುತ್ತಿ, ಹತ್ತಿ ಸುಮ್ಮನೆ ಕೂತು, ಮೆಲ್ಲಗಿಳಿದು, ಆ ನೂಲು ಎಷ್ಟು ಮೇಲಕ್ಕೆ ಜರುಗಿದೆ ಎಂದು ಬೆರಳಿನಲ್ಲಿ ಅಳೆದರು. ನಮ್ಮಪ್ಪ ಮಗ್ಗಕ್ಕೆ ಕಟ್ಟಿದ ನೂಲಿನ ಬಿಗಿಯನ್ನು ಹೀಗೇ ಬೆರಳಿನಲ್ಲಿ ನೋಡುತ್ತಿದ್ದ. ನನಗೆ ಅವರ ಪಕ್ಕ ಕೂತು ಕೇಳಬೇಕು ಎಂದು ಬಹಳ ಆಸೆಯಾಯಿತು. ಕೇಳಲು ಬಾಯಿ ಬರಲಿಲ್ಲ.

ಮರುದಿನ ಅವರು ಮೈಸೂರಿಗೆ ತರಬೇತಿಗೆ ಹೋಗಬೇಕಿತ್ತು. ಮಂಜುಳ ದೇವಸಮುದ್ರದಲ್ಲೇ ಇದ್ದಳು. ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ, ಆದರೆ ಖಂಡಿತವಾಗಿಯೂ ನನಗೇ ಹೇಳಿದರು:

"ಹನ್ನೆರಡು ದಿನ. ಸೈಕಲ್ಲು ನೆರಳಾಗೆ ಇರ್ಲಿ."

ಎಂಟು ತಿಂಗಳಲ್ಲಿ ನನಗೆ ಸಂದ ಅತಿ ದೀರ್ಘ ಭಾಷಣ ಇದು. ನಾನು ಹೆಂಡತಿಗೆ ಹೇಳಿದೆ, "ನೋಡಿದೇನೇ? ತಮ್ಮ ಪ್ರಾಣ ನನ್ನ ಕೈಯಾಗ್ ಇಟ್ಟು ಹೋದ್ರು. ಇದನ್ನ ಚೆನ್ನಾಗಿ ನೋಡ್ಕಂಡು ಕೊಟ್ರೆ ಮಾವಾ ಅಂತಾರೆ ನೋಡು."

"ನೆರಳಾಗೆ ಇರ್ಲಿ ಅಂದ್ರು. ಇಟ್ಟು ಸುಮ್ನಿರ್ರಿ," ಎಂದಳು ಮಾರಕ್ಕ. ಈ ಕಥೆ ಅಲ್ಲಿಗೇ ಮುಗಿಯಬಹುದಿತ್ತು.

ನೆರಳಿನಲ್ಲಿ ಇಟ್ಟರೆ ಯಾರಿಗೆ ಕಾಣುತ್ತದೆ? ಬೆಳಗ್ಗೆ ಎದ್ದವನೇ ಸೈಕಲ್ಲನ್ನು ಜಗಲಿಯ ಮುಂದೆ ಬಿಸಿಲಿಗೆ ತಂದು ನಿಲ್ಲಿಸಿದೆ. ತಿಪ್ಪೇಸ್ವಾಮಿ ಬಂದ. ಎರಡು ಸುತ್ತು ಬಂದ. ಎರಡೂ ಕೈಯಿಂದ ಹ್ಯಾಂಡಲ್ ಒತ್ತಿದ. ತಗ್ಗಿತು. ಬಿಟ್ಟ. ಎದ್ದಿತು. "ಶಾಕಬ್ಜರ್," ಎಂದು ದೇವರ ಹೆಸರು ಹೇಳಿದವನಂತೆ ಮೆಲ್ಲಗೆ ಹೇಳಿದ. ಅವನ ಬಾಯಲ್ಲಿ ಅಷ್ಟು ಭಕ್ತಿ ನಾನು ಕೇಳಿದ್ದು ಅದೇ ಮೊದಲು. ನನ್ನ ಎದೆ ಎರಡು ಅಂಗುಲ ಅಗಲವಾಯಿತು.

ಸುದ್ದಿ ಹಬ್ಬಿತು. ಎಣ್ಣೆ ಮಿಲ್ಲಿನ ಹಮಾಲರು ಊಟದ ಹೊತ್ತಿಗೆ ಬಂದು ಒತ್ತಿ ಹೋದರು. ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ಕುರಿ ನಿಲ್ಲಿಸಿ ಒತ್ತಿದರು. ಹಣ್ಣು ಮುದುಕಿಯೊಬ್ಬಳು "ನನ್ ಮಂಡಿಗಿಂತ ಚೆನ್ನಾಗಿ ಬಗ್ಗತೈತಲ್ಲಪ್ಪ" ಎಂದು ಕುಂಕುಮ ಹಚ್ಚಿ ಕೈಮುಗಿದಳು. ನಾನು ಜಗಲಿಯ ಮೇಲೆ ಕೂತು, "ಇನ್ನೂ ಜೋರಾಗಿ ಒತ್ತು, ಹೆದರಬ್ಯಾಡ" ಎಂದು ಉತ್ತೇಜನ ಕೊಡುತ್ತಿದ್ದೆ. ಚಳ್ಳಕೆರೆಯ ಬಿಸಿಲಿನಲ್ಲಿ ಮೂರು ದಿನ ಪ್ರದರ್ಶನ ನಡೆಯಿತು. ನಾಲ್ಕನೇ ದಿನ ಬೆಳಗ್ಗೆ ಹಮಾಲನೊಬ್ಬ ಒತ್ತಿದ. ತಗ್ಗಿತು.

ಏಳಲಿಲ್ಲ.

ನಾನು ಎತ್ತಿ ನೋಡಿದೆ, ಸವರಿ ನೋಡಿದೆ, ಮುದುಕಿಯನ್ನು ಕರೆಸಿ ಇನ್ನೊಂದು ಸಲ ಕುಂಕುಮ ಹಚ್ಚಿಸಿದೆ. ಸೈಕಲ್ಲು ಮಂಡಿಯೂರಿದ್ದು ಮಂಡಿಯೂರಿಯೇ ಇತ್ತು. ಸೈಕಲ್ಲು ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಎಂಟು ತಿಂಗಳು ಕಾದಿದ್ದ ಎರಡಕ್ಷರ ಅದರ ಜೊತೆಗೇ ಹೋಗುತ್ತಿತ್ತು.

ತಿಪ್ಪೇಸ್ವಾಮಿ ದೊಡ್ಡ ಪಾನಾ ತಂದು ಆ ಕಾಲುಗಳ ಮೇಲಿನ ಮುಚ್ಚಳ ತಿರುಗಿಸಿದ. ಒಳಗಿಂದ ಒಂದು ಕಡ್ಡಿ ಎಳೆದ. ಕಡ್ಡಿಗೆ ಸಾಲಾಗಿ ರಬ್ಬರಿನ ದಪ್ಪ ಬಿಲ್ಲೆಗಳನ್ನು ಪೋಣಿಸಿದ್ದರು ಎಂದು ಕಾಣುತ್ತದೆ. ಈಗ ಅವು ಬಿಲ್ಲೆಗಳಾಗಿರಲಿಲ್ಲ. ಕರಗಿ, ಪುಡಿಯಾಗಿ, ಅಂಟಂಟು ಹಳದಿ ಮುದ್ದೆಯಾಗಿದ್ದವು. ಇಷ್ಟು ದೊಡ್ಡ ಮಾಯೆಯ ಒಳಗೆ ಇದ್ದದ್ದು ಇಷ್ಟೇ ಇಷ್ಟು ರಬ್ಬರು ಎಂದು ತಿಳಿದು ನನ್ನ ಬೆರಗು ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

"ಮೊದ್ಲೇ ಹಳೇದಾಗಿತ್ತು ಕಣ್ಲೇ. ನಿನ್ ಬಿಸಿಲು, ಊರ್ ಜನದ ಕೈ, ಎರಡೂ ಸೇರಿ ಮುಗಿಸ್ಬಿಟ್ವು," ಎಂದ ತಿಪ್ಪೇಸ್ವಾಮಿ. "ಇಂಥಾ ರಬ್ಬರು ನಮ್ ಕಡೆ ಎಲ್ ಸಿಗತೈತೆ? ಪರದೇಶದ್ದು."

ನಾನು ಎದೆಗುಂದಲಿಲ್ಲ. ರಬ್ಬರು ತಾನೇ? ಮನೆಯೊಳಗೆ ಹೋಗಿ, ಸುತ್ತ ನೋಡಿ, ಹಸಿರು ಪಟ್ಟಿಯ ಹವಾಯಿ ಚಪ್ಪಲಿಯ ಹಿಮ್ಮಡಿಯಲ್ಲಿ ಉಳಿಯಿಂದ ಎಂಟು ದುಂಡು ಬಿಲ್ಲೆ ಕತ್ತರಿಸಿದೆ. ಪೋಣಿಸಿದೆ. ಮುಚ್ಚಳ ಹಾಕಿದೆ. ಹತ್ತಿ ಕೂತೆ. 'ಪುಸ್' ಎಂದು ತಗ್ಗಿ ಅಲ್ಲೇ ಕೂತಿತು. ಅಷ್ಟರಲ್ಲಿ ಒಳಗಿಂದ ಮಾರಕ್ಕ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು. ಹಿಮ್ಮಡಿ ಇರಬೇಕಾದ ಕಡೆ ತೂತುಗಳಿದ್ದವು. ಆ ತೂತಿನೊಳಗಿಂದ ನನ್ನನ್ನು ನೋಡಿದಳು.

"ಮೊನ್ನೆ ಸಂತೇಲಿ ತಂದಿದ್ದು. ಒಂದ್ಸಲ ಹಾಕ್ಕಂಡಿಲ್ಲ."

"ಅಳಿಯಂದ್ರ ಕಾರ್ಯಕ್ಕೆ ಕಣೇ."

"ಅಳಿಯಂದ್ರು ನೆರಳಾಗೆ ಇಡ್ರಿ ಅಂದಿದ್ರು. ಚಪ್ಪಲಿ ಕುಯ್ಯಿರಿ ಅಂದಿದ್ರಾ?"

ಅವಳು ಬೈದು ಮುಗಿಸಿ, ಆ ಹಳದಿ ಮುದ್ದೆ ಅಂಟಿದ್ದ ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒತ್ತಿದರೆ ತಗ್ಗಬೇಕು, ಬಿಟ್ಟರೆ ಏಳಬೇಕು, ಅಷ್ಟೇ ತಾನೇ ಎಂದು ತಿಪ್ಪೇಸ್ವಾಮಿಯನ್ನು ಕೇಳಿದಳು. ಅಷ್ಟೇ ಎಂದ. "ನಾವು ಚಿಕ್ಕೋರಿದ್ದಾಗ ಕುರಿ ಕಾಯೋಕೆ ಹೋದ್ರೆ ಉಣ್ಣೆ ಚೆಂಡು ಮಾಡ್ತಿದ್ವಿ. ಬಂಡೆಗೆ ಹೊಡೆದ್ರೂ ಪುಟಿತಿತ್ತು. ಮಳೇಗ್ ನೆಂದ್ರೂ ಬಿಚ್ಚತಿರ್ಲಿಲ್ಲ," ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಅವಳು ಚೆಂಡಾಡುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಒಂದು ವಾರ ನಮ್ಮ ಮನೆಯ ಒಲೆ ಅಡುಗೆಗಿಂತ ಹೆಚ್ಚು ಉಣ್ಣೆಗೆ ಉರಿಯಿತು. ಅವಳು ಕುರಿಮರಿಯ ಮೊದಲ ಕತ್ತರಿಯ ಮೆತ್ತನೆ ಉಣ್ಣೆಯನ್ನೇ ಆರಿಸಿದಳು. ಎಳೆ ಎಳೆಯಾಗಿ ಬಿಡಿಸಿ, ಅಡ್ಡ ಒಂದು ಪದರ, ಉದ್ದ ಒಂದು ಪದರ ಹಾಸಿ, ಕೈ ಸುಡುವ ನೀರು ಹನಿಸಿ, ಸೋಪು ಹಚ್ಚಿ ತಿಕ್ಕಿದಳು. ಹಿಂಡಿ ಮತ್ತೆ ತಿಕ್ಕಿದಳು. ಕಲ್ಲಿನ ಮೇಲೆ ಹಾಕಿ ಹಿಮ್ಮಡಿಯಲ್ಲಿ ತುಳಿದಳು. ಒಂದು ಮಂಕರಿಯಷ್ಟಿದ್ದ ಉಣ್ಣೆ ಒಂದು ಹಿಡಿಯಾಯಿತು. ಒಣಗಿದ ಮೇಲೆ ಕುಡುಗೋಲಿನಿಂದ ಕೊಯ್ದು ಬಿಲ್ಲೆ ಮಾಡಿ ನನ್ನ ಅಂಗೈಯಲ್ಲಿಟ್ಟಳು. ಒತ್ತಿದೆ. ತಗ್ಗಿತು. ಬಿಟ್ಟೆ. ಮೆಲ್ಲಗೆ, ಅವಸರವಿಲ್ಲದೆ ಎದ್ದಿತು. ಮೂವತ್ತು ವರ್ಷ ಉಣ್ಣೆಯ ನಡುವೆ ಬದುಕಿದವನಿಗೆ ಉಣ್ಣೆ ಏನು ಮಾಡಬಲ್ಲದು ಎಂದು ಆವತ್ತು ತಿಳಿಯಿತು. ಇನ್ನೂ ಹತ್ತು ಸಲ ಒತ್ತಿದೆ. ನಿಜ ಹೇಳುತ್ತೇನೆ.

ಪೋಣಿಸಿ ಮುಚ್ಚಿ ಹ್ಯಾಂಡಲ್ ಒತ್ತಿದರೆ ಸೈಕಲ್ಲು ಮಂಡಿ ಬಗ್ಗಿಸಿ ಎದ್ದು ನಿಂತಿತು. ತಿಪ್ಪೇಸ್ವಾಮಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, "ಮಾರಕ್ಕ, ನೀನು ಎಲ್ಲೋ ಇರ್ಬೇಕಾದೋಳು," ಎಂದ. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಇಲ್ಲಿಗೆ ನಾನು ಕೈ ತೊಳೆದುಕೊಂಡು ಮಗ್ಗಕ್ಕೆ ಕೂರಬೇಕಿತ್ತು. ಆದರೆ ನನ್ನೊಳಗೆ ಒಂದು ಹುಳ ಹೊಕ್ಕಿತು. ಅಳಿಯಂದಿರು ಬಂದು ಯಾರು ಮಾಡಿದ್ದು ಎಂದು ಕೇಳಿದರೆ? ಅತ್ತೆ ಎಂಬ ಉತ್ತರ ಬರುತ್ತದೆ. ಅವಳಿಗೆ ಮೂರನೇ ಸಲ. ನನಗೆ? ಈ ಸೈಕಲ್ಲಿನಲ್ಲಿ ನನ್ನದೂ ಒಂದು ಕೈಚಳಕ ಇರಲೇಬೇಕು ಎಂದು ತೀರ್ಮಾನಿಸಿದೆ. ಹೆಂಡತಿ ನೀರಿಗೆ ಹೋದಾಗ ಮುಚ್ಚಳ ಬಿಚ್ಚಿ ಎರಡೂ ಕಾಲಿಗೆ ಒಂದೊಂದು ಲೋಟ ಶೇಂಗಾ ಎಣ್ಣೆ ಸುರಿದೆ. ಹೊಸ ಗಾಣದ ಎಣ್ಣೆ, ಘಮಘಮ ಎನ್ನುತ್ತಿತ್ತು.

ಪರೀಕ್ಷೆಗೆಂದು ಹತ್ತಿ ಕೇರಿಯ ತುದಿಯಿಂದ ಜೋರಾಗಿ ಬಂದೆ. ಅಬ್ಬಾ, ಅದು ಸವಾರಿಯಲ್ಲ, ತೇಲುವುದು. ಕಲ್ಲು ಬಂದದ್ದು ಕಣ್ಣಿಗೆ ಕಂಡಿತು, ಮೈಗೆ ತಿಳಿಯಲಿಲ್ಲ. ಆದರೆ ಒಂದೊಂದು ಗುಂಡಿಗೂ ಸೈಕಲ್ಲಿನ ಕಾಲಿನ ಎರಡು ಕೊಳವೆಗಳ ನಡುವಿನ ಸಂದಿನಿಂದ ಎಣ್ಣೆ ಚಿಮ್ಮಿ ಸರಿಯಾಗಿ ಕೆಳಗಿದ್ದ ರಿಮ್ಮಿನ ಮೇಲೆ ಬೀಳುತ್ತಿದ್ದುದು ನನಗೆ ಕಾಣಲಿಲ್ಲ. ತಿಪ್ಪೇಸ್ವಾಮಿಯ ಶಾಪಿನ ಮುಂದೆ ನಿಲ್ಲೋಣ ಎಂದು ಬ್ರೇಕು ಹಿಡಿದೆ. ಬ್ರೇಕು ರಿಮ್ಮನ್ನು ಸವರಿ ಬಿಟ್ಟಿತು. ಇನ್ನೂ ಬಲವಾಗಿ ಹಿಡಿದೆ. ಇನ್ನೂ ಪ್ರೀತಿಯಿಂದ ಸವರಿತು. ಪಂಚರ್ ನೋಡಲು ಅವನು ನೀರು ತುಂಬಿಟ್ಟಿದ್ದ ಬಾನಿ ನನ್ನ ಕಡೆಗೇ ಬರತೊಡಗಿತು.

ಬಾನಿಯೊಳಗೆ ಕೂತಿದ್ದ ನನ್ನನ್ನು ತಿಪ್ಪೇಸ್ವಾಮಿ ಬಗ್ಗಿ ನೋಡಿ, "ಗುಳ್ಳೆ ಬರ್ತಾ ಐತೆ, ಎಲ್ಲೋ ಪಂಚರಾಗಿದೀಯ ಕಣ್ಲೇ," ಎಂದ.

ಎಣ್ಣೆಯಿಂದ ಸಡಿಲವಾದದ್ದಕ್ಕೆ ಔಷಧಿ ಏನು? ನಿಮಗೀಗ ಗೊತ್ತು. ನನಗಂತೂ ಹುಟ್ಟಿದಾಗಿನಿಂದ ಗೊತ್ತು. ರಿಮ್ಮನ್ನು ಬೂದಿಯಿಂದ ಉಜ್ಜಿ ಎಣ್ಣೆ ತೆಗೆದೆ. ಅಷ್ಟಕ್ಕೇ ಬ್ರೇಕು ಹಿಡಿಯುತ್ತಿತ್ತು ಎಂದು ಈಗ ತಿಳಿದಿದೆ. ಆದರೆ ಬರೀ ಹಿಡಿದರೆ ಅದರಲ್ಲಿ ನನ್ನ ಕೈಚಳಕ ಎಲ್ಲಿ ಬಂತು? ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ಬೇಯಿಸಿ, ಅರೆದು, ನನ್ನ ಜೀವಮಾನದ ಅತ್ಯುತ್ತಮ ಗಂಜಿ ತಯಾರಿಸಿದೆ. ಎರಡೂ ರಿಮ್ಮಿಗೆ, ನಾಲ್ಕೂ ಬ್ರೇಕ್ ರಬ್ಬರಿಗೆ ಮೂರು ಮೂರು ಕೋಟು ಬಳಿದೆ.

ಮಾರಕ್ಕ ನೋಡಿದಳು. "ಏನ್ ಮಾಡ್ತಿದೀರಿ?"

"ಹಿಡಿತ ಬರ್ಲಿ ಅಂತ."

"ಗಂಜಿ ನೂಲಿಗೆ ಹಾಕೋದು. ಗಾಲಿಗೆ ಹಾಕಿದೋರನ್ನ ನಾನು ಕಂಡಿಲ್ಲಪ್ಪ."

"ಉಣ್ಣೆ ಹಾಕಿದೋರನ್ನ ಕಂಡಿದ್ದೇನು?" ಎಂದೆ. ಅವಳು ಒಳಗೆ ಹೋದಳು. ಮೂವತ್ತು ವರ್ಷದಲ್ಲಿ ಮಾತಿನಲ್ಲಿ ಅವಳನ್ನು ಗೆದ್ದದ್ದು ಅದೊಂದೇ ಸಲ, ಅದೂ ಹೀಗೆ.

ಹಸಿಯಿದ್ದಾಗಲೇ ತಳ್ಳಿಕೊಂಡು ಹೋಗಿ ಬ್ರೇಕು ಹಿಡಿದು ನೋಡಿದೆ. ಹಿತವಾಗಿ ಹಿಡಿಯಿತು, ಹಿತವಾಗಿ ಬಿಟ್ಟಿತು. ಒಣಗಿದ ಮೇಲೆ ಗಂಜಿ ಏನಾಗುತ್ತದೆ ಎಂಬುದು ಮೂವತ್ತು ವರ್ಷದಿಂದ ಬಲ್ಲ ವಿಷಯ. ಅವತ್ತೊಂದು ದಿನ ಮಾತ್ರ ಮರೆತಿದ್ದೆ.

ಆ ಸಂಜೆಯೇ ಬೀದಿಯ ಎಸ್.ಟಿ.ಡಿ. ಬೂತಿಗೆ ಫೋನು ಬಂತು. ಮಂಜುಳ ಮಾತಾಡಿದಳು. ಅಳಿಯಂದಿರು ರೈಲಿನಲ್ಲಿ ಬಳ್ಳಾರಿ ಮೇಲಿಂದ ನೇರ ದೇವಸಮುದ್ರಕ್ಕೆ ಬಂದಿದ್ದಾರಂತೆ, ಸೈಕಲ್ಲಿಗೆ ಭಾನುವಾರ ಬರುತ್ತಾರಂತೆ. "ಅವ್ರು ಯಾಕೆ ಬರ್ಬೇಕವ್ವ? ನಾಳೆ ನಾವೇ ತಂದು ಕೊಡ್ತೀವಿ," ಎಂದುಬಿಟ್ಟೆ. ಮಾವನೊಬ್ಬ ಅಳಿಯನ ಸೈಕಲ್ಲನ್ನು ತಾನೇ ಏರಿ ಬಂದು ಬಾಗಿಲಲ್ಲಿ ಒಪ್ಪಿಸುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತ್ತು.

ಬೆಳಗ್ಗೆ ಎದ್ದು ಗಂಜಿಯ ಇನ್ನೊಂದು ಕೋಟು ಬಳಿದೆ. ಆಮೇಲೆ ಬಸ್ಸಿನ ಟಾಪಿನ ಮೇಲೆ ಸೈಕಲ್ಲು ಏರಿಸಿದೆವು. ಮೇಲೆ ಅದು ಉರುಳಾಡಬಾರದಲ್ಲ? ಅದಕ್ಕಾಗಿ ಒಂದು ಬುದ್ಧಿವಂತಿಕೆ ಮಾಡಿದೆ. ಎರಡೂ ಬ್ರೇಕನ್ನು ಪೂರ್ತಿ ಎಳೆದು ಹಿಡಿದು ಹ್ಯಾಂಡಲ್ಲಿಗೆ ಉಣ್ಣೆಯ ಹುರಿಯಿಂದ ಬಿಗಿದೆ. ಅಂದರೆ ಹಸಿ ಗಂಜಿ ಬಳಿದ ರಬ್ಬರನ್ನು ಹಸಿ ಗಂಜಿ ಬಳಿದ ರಿಮ್ಮಿಗೆ ಒತ್ತಿ ಕಟ್ಟಿ, ಎರಡು ಗಂಟೆ ಕಾಲ ಬಿಸಿಲಿಗೂ ಗಾಳಿಗೂ ಒಡ್ಡಿದೆ. ಇದಕ್ಕಿಂತ ಶಾಸ್ತ್ರೋಕ್ತವಾಗಿ ಯಾರೂ ಎರಡು ವಸ್ತುಗಳನ್ನು ಅಂಟಿಸಿರಲಾರರು.

ದೇವಸಮುದ್ರದ ದಾರಿ ಕವಲೊಡೆಯುವ ರಾಂಪುರದಲ್ಲಿ ಇಳಿದೆವು. ಹುರಿ ಬಿಚ್ಚಿದೆ. ಬ್ರೇಕು ಬಿಡಲಿಲ್ಲ. ಹೋಟೆಲಿನ ಮುಂದೆ ಕೂತಿದ್ದ ಹಿರಿಯರೊಬ್ಬರು, "ಏಮಯ್ಯಾ, ಗಾಲಿ ತಿರಗದ ಸೈಕಲ್ ಎಲ್ಲಿ ತಗಂಡೆ?" ಎಂದರು. ಕಲ್ಲಿನಿಂದ ಒಂದೊಂದೇ ರಬ್ಬರು ಬಡಿದು ಬಿಡಿಸಿದೆ. ರಿಮ್ಮಿನ ಮೇಲೆ ನಾಲ್ಕು ಕಡೆ ಗಂಜಿಯ ಗಟ್ಟಿ ದಿಬ್ಬಗಳು ಉಳಿದವು. ಗಾಲಿಯೇನೋ ತಿರುಗಿತು. ಮಾರಕ್ಕ ನನ್ನನ್ನೂ ಸೈಕಲ್ಲನ್ನೂ ನೋಡಿ, "ತಳ್ಕಂಡು ಬರ್ರಿ," ಎಂದು ಹೇಳಿ ಟೆಂಪೋ ಹತ್ತಿ ಮುಂದೆ ಹೋದಳು.

ತಳ್ಳಿಕೊಂಡು ಹೋಗುವ ಮಾವನನ್ನು ಯಾರು ಮಾವ ಎನ್ನುತ್ತಾರೆ? ಹತ್ತಿಯೇ ಬಿಟ್ಟೆ. ಎರಡೂ ಕಡೆ ಶೇಂಗಾ ಹೊಲ, ದೂರದಲ್ಲಿ ಬಂಡೆಗಲ್ಲಿನ ಗುಡ್ಡಗಳು. ದಾರಿಯೆಲ್ಲ ಕಲ್ಲು, ನನಗೆ ಯಾವ ಕಲ್ಲೂ ಗೊತ್ತಾಗಲಿಲ್ಲ. ನನ್ನ ಹೆಂಡತಿಯ ಉಣ್ಣೆ ಬಿಲ್ಲೆಗಳು ಒಂದೊಂದು ಏಟನ್ನೂ ಸದ್ದಿಲ್ಲದೆ ತಿಂದುಕೊಳ್ಳುತ್ತಿದ್ದವು. ಅವಳು ಈ ಮೂವತ್ತು ವರ್ಷ ನನ್ನ ಜೊತೆ ಮಾಡಿದ್ದೂ ಅದನ್ನೇ ಅಲ್ಲವೇ ಎಂದು ಅನಿಸಿ ಮನಸ್ಸು ಮೆತ್ತಗಾಯಿತು. ಬ್ರೇಕು ಹಿಡಿಯುವ ಪ್ರಸಂಗ ದಾರಿಯಲ್ಲಿ ಬರಲೇ ಇಲ್ಲ.

ಅಳಿಯಂದಿರ ಮನೆ ಒಂದು ಸಣ್ಣ ಇಳಿಜಾರಿನ ಕೊನೆಗಿದೆ. ಮೇಲಿನಿಂದಲೇ ಕಂಡಿತು: ಬಾಗಿಲಲ್ಲಿ ಅಳಿಯಂದಿರು, ಮಂಜುಳ, ಆಗಲೇ ಬಂದಿದ್ದ ಮಾರಕ್ಕ, ಅಕ್ಕಪಕ್ಕದವರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಬೆನ್ನು ನೆಟ್ಟಗೆ ಮಾಡಿದೆ. ಸೈಕಲ್ಲು ವೇಗ ಹಿಡಿಯಿತು. ಬಾಗಿಲಿಗೆ ಸರಿಯಾಗಿ ಹತ್ತು ಹೆಜ್ಜೆ ಇರುವಾಗ, ಒಂದು ಮುಗುಳ್ನಗೆ ಸಹಿತ, ಮುಂದಿನ ಬ್ರೇಕು ಹಿಡಿದೆ.

ಗಾಲಿ ಇದ್ದಲ್ಲೇ ನಿಂತಿತು. ನಾನು ನಿಲ್ಲಲಿಲ್ಲ.

ಹ್ಯಾಂಡಲ್ಲಿನ ಮೇಲಿಂದ ಹೋದೆ. ಅಳಿಯಂದಿರ ತಲೆಯ ಪಕ್ಕದಿಂದ ಹಾದುಹೋಗುವಾಗ ಅವರ ಮುಖ ಹತ್ತಿರದಿಂದ ಕಂಡಿತು. ದೇವರು ದೊಡ್ಡವನು, ಮನೆಯ ಪಕ್ಕದಲ್ಲಿ ಶೇಂಗಾ ಹೊಟ್ಟಿನ ರಾಶಿ ಇತ್ತು. ಅದರೊಳಗೆ ಸೊಂಟದವರೆಗೆ ಇಳಿದೆ, ತಲೆ ಮುಂದಾಗಿ. ಕತ್ತಲಾಯಿತು. ಆ ಕತ್ತಲೊಳಗೆ ಕೇಳಿಸಿತು:

"ಮಾವಾ!"

ಓಬಳೇಶರ ದನಿ. ಊರಿಗೆಲ್ಲ ಕೇಳುವ ಹಾಗೆ. ಹೊಟ್ಟಿನ ಧೂಳು ಮೂಗು ಬಾಯಿ ತುಂಬಿದ್ದರೂ ನನಗೆ ಆದ ಸಂತೋಷ ಹೇಳತೀರದು. ಯಾರೋ ಕಾಲು ಹಿಡಿದು ಹೊರಗೆಳೆದರು. ನಾನು ಕಣ್ಣು ಬಿಡಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಹಾಗೇ ಮಲಗಿದ್ದೆ. ಎರಡನೇ ಕರೆ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದೆ. ನನ್ನ ಕಾಲು ಹಿಡಿದು ಎಳೆದದ್ದು ಮಾರಕ್ಕ. ಅಳಿಯಂದಿರು ಆಚೆ ಮಂಡಿಯೂರಿ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತಿದ್ದರು.

"ಸಾಕು ಏಳ್ರಿ, ಏನೂ ಆಗಿಲ್ಲ ನಿಮಗೆ," ಎಂದಳು ಮಾರಕ್ಕ.

ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊದಿತ್ತು. ಅದಕ್ಕೆ ಅರಿಸಿನ ಹಚ್ಚಿಸಿಕೊಂಡು ಜಗಲಿಯ ಮೇಲೆ ಕೂತೆ. ಅಳಿಯಂದಿರು ಒಂದೊಂದೇ ಪರೀಕ್ಷಿಸಿದರು. ರಿಮ್ಮನ್ನು ಉಗುರಿನಿಂದ ಕೆರೆದು, ಮೂಸಿ, ನಾಲಿಗೆಗೆ ಮುಟ್ಟಿಸಿ ನೋಡಿದರು. "ಇದೇನ್ ಹಾಕೀರಿ ಮಾವ ಇದಕ್ಕೆ?" ಎಂದರು. ಎರಡನೇ ಸಲ! "ಹುಣಸೆಬೀಜದ ಗಂಜಿ," ಎಂದು ಮಾರಕ್ಕ ಹೇಳಿದಳು. ಮಂಜುಳ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಆಮೇಲೆ ಅವರು ಹ್ಯಾಂಡಲ್ ಒತ್ತಿದರು. ತಗ್ಗಿತು, ಎದ್ದಿತು. ಮತ್ತೆ ಒತ್ತಿದರು. ಹುಬ್ಬು ಗಂಟಿಕ್ಕಿತು. ತಮ್ಮ ಸೈಕಲ್ಲು ತನ್ನದಲ್ಲದ ರೀತಿಯಲ್ಲಿ ಏಳುತ್ತಿದೆ ಎಂದು ಕೈಗೆ ಗೊತ್ತಾಗಿರಬೇಕು. ಮುಚ್ಚಳ ಬಿಚ್ಚಿ ಕಡ್ಡಿ ಎಳೆದರು. ಶೇಂಗಾ ಎಣ್ಣೆಯಲ್ಲಿ ಮಿಂದ ಎಂಟು ಉಣ್ಣೆ ಬಿಲ್ಲೆಗಳು ಹೊರಬಂದವು. ನಾನು ಗೋಡೆಯ ಕಡೆ ತಿರುಗಿ ಕೂತೆ. ಬಿಸಿಲಿಗಿಟ್ಟದ್ದು, ಊರೆಲ್ಲ ಒತ್ತಿದ್ದು, ಚಪ್ಪಲಿ, ಎಣ್ಣೆ, ಬಾನಿ, ಎಲ್ಲವನ್ನೂ ಮಾರಕ್ಕ ಒಂದೂ ಬಿಡದೆ ಒಪ್ಪಿಸಿದಳು.

ಅಳಿಯಂದಿರು ಬೈಯಲಿಲ್ಲ. ಬಹಳ ಹೊತ್ತು ಬಿಲ್ಲೆಯನ್ನು ಬೆರಳುಗಳ ನಡುವೆ ಒತ್ತುತ್ತಾ ಬಿಡುತ್ತಾ ಕೂತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಅವತ್ತು ಅವರ ಸೈಕಲ್ಲಿನ ಮುಂದೆ ನಾನು ನಿಂತಿದ್ದ ಹಾಗೇ ಇತ್ತು ಅವರ ಮುಖ. ಆಮೇಲೆ ಮಾತು ಶುರುವಾಯಿತು. ನಾನು ಆಣೆ ಮಾಡಿ ಹೇಳುತ್ತೇನೆ, ಎಂಟು ತಿಂಗಳ ಮಾತು ಒಟ್ಟಿಗೆ ಬಂತು.

"ಅತ್ತೆ, ಈ ರಬ್ಬರು ಹೋಗೋ ಹಂತಕ್ಕೆ ಬಂದಿತ್ತು ಅಂತ ನಂಗೆ ಗೊತ್ತಿತ್ತು. ಬೆಂಗಳೂರಾಗೂ ಸಿಗ್ಲಿಲ್ಲ. ಇನ್ ಜಾಸ್ತಿ ದಿನ ಓಡ್ಸಂಗಿಲ್ಲ ಅನ್ಕಂಡು ಬಿಟ್ಟಿದ್ದೆ. ಇದು ಹೆಂಗ್ ಮಾಡಿದ್ರಿ ಅತ್ತೆ? ನೋಡ್ರಿ ಅತ್ತೆ, ಸುಮ್ನೆ ಕೂತ್ರೆ ಒಂದು ಬೆರಳು ತಗ್ಗಬೇಕು, ಅದಕ್ಕಿಂತ ಹೆಚ್ಚು ತಗ್ಗಬಾರ್ದು..." ಎನ್ನುತ್ತಾ ಕಾಲಿಗೆ ನೂಲು ಸುತ್ತಿ, ಹತ್ತಿ ಕೂತು, ಇಳಿದು ತೋರಿಸಿದರು. ನೂಲು ಸರಿಯಾಗಿ ಒಂದು ಬೆರಳು ಮೇಲಕ್ಕೆ ಹೋಗಿತ್ತು. ಮಾರಕ್ಕ ಬಗ್ಗಿ ನೋಡಿ, ಇನ್ನೊಂದು ಪದರ ಉಣ್ಣೆ ಹಾಕಬಹುದಿತ್ತು ಎಂದಳು. ಇಬ್ಬರೂ ನೆಲದ ಮೇಲೆ ಕೂತು ಒಂದು ಗಂಟೆ ಮಾತಾಡಿದರು. ನಾನು ಎಣಿಸಿದೆ. ಅತ್ತೆ ಎಂಬ ಪದ ಮೂವತ್ತೊಂದು ಸಲ ಬಂತು.

ಗಂಜಿ ಬಿಡಿಸುವ ಕೆಲಸ ನನಗೆ ಬಿತ್ತು. ಬಿಸಿನೀರಿನಲ್ಲಿ ನೆನೆಸಿ ಕೆರೆಯಲು ಸಂಜೆಯಾಯಿತು. ಅಷ್ಟು ಒಳ್ಳೆಯ ಗಂಜಿ ಅದು.

ಈಗಲೂ ಎರಡು ತಿಂಗಳಿಗೊಮ್ಮೆ ದೇವಸಮುದ್ರದಿಂದ ಪೋಸ್ಟ್ ಕಾರ್ಡು ಬರುತ್ತದೆ. ಬರೆಯುವುದರಲ್ಲಿ ಅಳಿಯಂದಿರು ಧಾರಾಳಿ. ಅತ್ತೆಯವರಿಗೆ ನಮಸ್ಕಾರ, ಬಿಲ್ಲೆಗಳು ಚೆನ್ನಾಗಿ ನಡೆಯುತ್ತಿವೆ, ಜಟಿಂಗ ರಾಮೇಶ್ವರದ ಬೆಟ್ಟದ ದಾರಿಯಲ್ಲಿ ಪರೀಕ್ಷಿಸಿದೆ, ಇನ್ನೆಂಟು ಮಾಡಿ ಇಟ್ಟಿರಿ, ಹೀಗೆಲ್ಲ. ಕೊನೆಯಲ್ಲಿ ಒಂದು ಸಾಲು ನನ್ನ ಬಗ್ಗೆಯೂ ಇರುತ್ತದೆ. ಎಲ್ಲ ಕಾರ್ಡಿನಲ್ಲೂ ಅದೇ ಸಾಲು: "ಮಾವನವರ ಕೈಗೆ ಮಾತ್ರ ಕೊಡಬೇಡಿ."

ಆ ಕಾರ್ಡುಗಳನ್ನೆಲ್ಲ ನಾನು ಜೋಪಾನವಾಗಿ ಇಟ್ಟಿದ್ದೇನೆ. ತಿಪ್ಪೇಸ್ವಾಮಿಯ ಅಳಿಯ ಬಂದಾಗೆಲ್ಲ ಒಂದನ್ನು ತೆಗೆದುಕೊಂಡು ಎದುರುಮನೆಗೆ ಹೋಗಿ, ನಮ್ಮ ಅಳಿಯಂದಿರು ನನಗೆ ಏನೆಂದು ಬರೆಯುತ್ತಾರೆ ನೋಡು ಎಂದು ಆ ಕೊನೆಯ ಸಾಲಿನ ಮೊದಲ ಪದವನ್ನು ತೋರಿಸಿ ಬರುತ್ತೇನೆ. ಅದರ ಮುಂದಿನದರ ಮೇಲೆ ನನ್ನ ಹೆಬ್ಬೆರಳು ಇರುತ್ತದೆ.